ಗಿಟಾರಿನಲ್ಲಿ ನುಡಿಸಿದರೆ ಡಿಜೆ ಹಾಡು ನಿಮ್ಮದಾಗುತ್ತದೆಯೇ?

ನಿಮ್ಮ ಗ್ರೂಪಿಗೂ ಈ ಮೆಸೇಜ್ ಬಂದಿರಬಹುದು. ಏಳು ಸೆಕೆಂಡಿಗಿಂತ ಕಡಿಮೆ ಹಾಡು ಬಳಸಿದರೆ ಕಾಪಿರೈಟ್ ಬರುವುದಿಲ್ಲವಂತೆ. ವಾದ್ಯ ಬದಲಾಯಿಸಿದರೆ ಹಾಡು ನಮ್ಮದೇ ಆಗುತ್ತದಂತೆ. ಕೆಳಗೆ ಮೂಲ ಗಾಯಕರ ಹೆಸರು ಹಾಕಿದರೆ ಕೇಸ್ ಇಲ್ಲ, ಹಾಕದಿದ್ದರೆ ನೇರ ಜೈಲಂತೆ. ಕೊನೆಯಲ್ಲಿ ಎಂದಿನಂತೆ, ಎಲ್ಲರಿಗೂ ಕಳಿಸಿ.

ನಮ್ಮ ಮನೆಯ ಗ್ರೂಪಿಗೆ ಇದು ಬಂದದ್ದು ಒಂದು ಮದುವೆಯ ಮರುವಾರ. ಉಜಿರೆಯಿಂದ ಚಾರ್ಮಾಡಿ ಘಾಟಿಯ ಕಡೆಗೆ ಹೋಗುವಾಗ ಸಿಗುವ ಕಕ್ಕಿಂಜೆಯಲ್ಲಿ ನಮ್ಮ ಸಂಬಂಧಿಕರ ಮನೆಯ ಮದರಂಗಿ. ಅಂಗಳದಲ್ಲಿ ಡಿಜೆ ಇತ್ತು. ಆತ ಅಲನ್ ವಾಕರ್‌ನ 'ಫೇಡೆಡ್' ಹಾಕಿದ. ಆ ಹಾಡು ಗೊತ್ತಿಲ್ಲದ ಹುಡುಗರು ನಮ್ಮ ಕಡೆ ಇಲ್ಲ. ಅರ್ಧ ನಿಮಿಷದಲ್ಲಿ ಡಿಜೆ ಧ್ವನಿ ಇಳಿಸಿದ, ಅಲ್ಲಿಂದ ಮುಂದಕ್ಕೆ ಅದೇ ಹಾಡನ್ನು ನನ್ನ ಚಿಕ್ಕಮ್ಮನ ಮಗ ಮತ್ತು ಅವನ ಇಬ್ಬರು ಗೆಳೆಯರು ಎರಡು ಎಲೆಕ್ಟ್ರಿಕ್ ಗಿಟಾರ್, ಒಂದು ಡ್ರಮ್ ಸೆಟ್‌ನಲ್ಲಿ ರಾಕ್ ಮಾಡಿ ನುಡಿಸಿದರು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ಅಜ್ಜ ಚಪ್ಪಾಳೆ ಹಾಕುತ್ತಿದ್ದರು. ಅದೂ ವಿಡಿಯೋದಲ್ಲಿ ಬಂತು.

ಹುಡುಗ ವಿಡಿಯೋವನ್ನು ಒಂದು ಸಾಮಾಜಿಕ ಜಾಲತಾಣಕ್ಕೆ ಹಾಕಿದ. ಮರುದಿನ ಧ್ವನಿ ಮಾಯ, ಜೊತೆಗೆ ಒಂದು ಕಾಪಿರೈಟ್ ಸೂಚನೆ. ಅದೇ ವಾರ ಮೇಲೆ ಹೇಳಿದ ಮೆಸೇಜ್ ಬಂತು. ಕೇಸ್ ಆಗುತ್ತದೆ ಎಂದು ಹೆದರಿದ ಅವನು ಜಾಲತಾಣದಿಂದಷ್ಟೇ ಅಲ್ಲ, ಫೋನಿನಿಂದಲೂ ವಿಡಿಯೋ ಅಳಿಸಿಬಿಟ್ಟ. ಮುಂದಿನ ಮಳೆಗಾಲದಲ್ಲಿ ಅಜ್ಜ ತೀರಿಕೊಂಡರು.

ಅವನು ಅಳಿಸಬೇಕಾಗಿತ್ತೇ? ಬೇಕಾಗಿರಲಿಲ್ಲ. ಯಾಕೆ ಎಂದು ಹೇಳಬೇಕಾದರೆ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು. ಸಿಂಥಸೈಸರ್ ತೆಗೆದು ಗಿಟಾರ್ ಹಾಕಿದರೆ, ವೇಗ ಬದಲಾಯಿಸಿದರೆ, ಹಾಡುವವರೇ ಬೇರೆಯಾದರೆ, ಆ ಹಾಡಿನಲ್ಲಿ 'ಅದೇ ಹಾಡು' ಎಂದು ಉಳಿಯುವುದು ಏನು?

ಫೋನಿನಲ್ಲೇ ಪರೀಕ್ಷೆ ಮಾಡಿ ನೋಡಿ

ಇದಕ್ಕೆ ಪ್ರಯೋಗಾಲಯ ಬೇಡ. ಯಾವುದಾದರೂ ಹಾಡನ್ನು ಸ್ಪೀಕರಿನಲ್ಲಿ ಹಾಕಿ ಶಝಾಮ್ ಆ್ಯಪ್‌ಗೆ ಕೇಳಿಸಿ. ಕೆಲವೇ ಸೆಕೆಂಡಿನಲ್ಲಿ ಹೆಸರು ಹೇಳುತ್ತದೆ. ಈಗ ಅದೇ ಹಾಡನ್ನು ನೀವೇ ಗುನುಗಿ. ಶಝಾಮ್ ಸಾಮಾನ್ಯವಾಗಿ ಕೈ ಚೆಲ್ಲುತ್ತದೆ. ಆಮೇಲೆ ಗೂಗಲ್ ಆ್ಯಪ್‌ನಲ್ಲಿ ಗುನುಗಿ ಹುಡುಕುವ ಸೌಲಭ್ಯ ತೆರೆದು, ಹತ್ತು-ಹದಿನೈದು ಸೆಕೆಂಡ್ ಅದನ್ನೇ ಗುನುಗಿ. ಶ್ರುತಿ ಸ್ವಲ್ಪ ತಪ್ಪಿದರೂ ಅದು ಹಲವು ಸಲ ಸರಿಯಾದ ಹಾಡನ್ನೇ ಮುಂದಿಡುತ್ತದೆ.

ಎರಡೂ ಹಾಡು ಗುರುತಿಸುವ ಸಾಧನಗಳೇ, ಆದರೆ ಹುಡುಕುವ ವಸ್ತು ಬೇರೆ. ಶಝಾಮ್ 2002ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದಾಗ ಇಂದಿನಂಥ ಸ್ಮಾರ್ಟ್‌ಫೋನ್ ಇರಲಿಲ್ಲ. ಜನ 2580ಕ್ಕೆ ಕರೆ ಮಾಡಿ ಫೋನನ್ನು ಸ್ಪೀಕರಿನ ಹತ್ತಿರ ಹಿಡಿಯುತ್ತಿದ್ದರು. ಅದು ಒಂದು ಧ್ವನಿಮುದ್ರಣದಲ್ಲಿ ಯಾವ ಕ್ಷಣದಲ್ಲಿ ಯಾವ ಆವರ್ತನ ಜೋರಾಗಿದೆ ಎಂಬ ಚುಕ್ಕಿಗಳನ್ನು ಗುರುತಿಸಿ, ಆ ಚುಕ್ಕಿಗಳ ನಡುವಿನ ಅಂತರವನ್ನು ಬೆರಳಚ್ಚಿನಂತೆ ಇಟ್ಟುಕೊಳ್ಳುತ್ತದೆ. ಬೆರಳಚ್ಚು ಎಂದಮೇಲೆ ಅದು ಆ ಒಂದು ಮುದ್ರಣದ್ದು ಮಾತ್ರ. ಅದೇ ಗಾಯಕಿ ಅದೇ ಹಾಡನ್ನು ವೇದಿಕೆಯಲ್ಲಿ ಇನ್ನೊಮ್ಮೆ ಹಾಡಿದರೂ ಚುಕ್ಕಿಗಳು ಕೂಡಿಬರುವುದಿಲ್ಲ.

ಗೂಗಲ್ 2020ರ ಅಕ್ಟೋಬರ್‌ನಲ್ಲಿ ತಂದ ಗುನುಗುವ ಹುಡುಕಾಟ ತದ್ವಿರುದ್ಧ ಕೆಲಸ ಮಾಡುತ್ತದೆ. ವಾದ್ಯ, ಧ್ವನಿಯ ಬಣ್ಣ, ಹಿನ್ನೆಲೆ ಎಲ್ಲವನ್ನೂ ಬದಿಗಿಟ್ಟು, ಸ್ವರ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂಬ ರೇಖೆಯನ್ನಷ್ಟೇ ಸಂಖ್ಯೆಗಳ ಸಾಲಾಗಿ ಮಾಡಿಕೊಳ್ಳುತ್ತದೆ. ಅಂದರೆ ಶಝಾಮ್ ಹುಡುಕುವುದು ಮುದ್ರಣವನ್ನು, ಗೂಗಲ್ ಹುಡುಕುವುದು ಧಾಟಿಯನ್ನು. ಈ ಎರಡರ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಕಾನೂನು ಕೂಡ ಇದೇ ಗೆರೆ ಎಳೆಯುತ್ತದೆ.

ಕಿವಿ ಗುರುತಿಸುವುದು ಅಂತರವನ್ನು

ಭಾಗವತರು ಬದಲಾದರೆ ಯಕ್ಷಗಾನದ ಶ್ರುತಿ ಬದಲಾಗುತ್ತದೆ. ಒಬ್ಬರು ಎತ್ತರದ ಶ್ರುತಿಯಲ್ಲಿ ಹಾಡಿದ ಪದವನ್ನು ಇನ್ನೊಬ್ಬರು ಎರಡು ಮನೆ ಕೆಳಗೆ ಹಾಡುತ್ತಾರೆ. ಆಗ ಬಳಸಿದ ಒಂದೊಂದು ಸ್ವರದ ಕಂಪನಸಂಖ್ಯೆಯೂ ಬೇರೆ. ಆದರೂ ಚೌಕಿಯ ಹೊರಗೆ ಕಡಲೆ ತಿನ್ನುತ್ತ ನಿಂತವನಿಗೂ ಅದು ಅದೇ ಪದ್ಯ.

ಆಸ್ಟ್ರಿಯಾದ ಕ್ರಿಸ್ಟಿಯಾನ್ ಫಾನ್ ಎಹ್ರೆನ್‌ಫೆಲ್ಸ್ 1890ರಲ್ಲಿ ಕೇಳಿದ್ದು ಇದನ್ನೇ. ಎಲ್ಲ ಸ್ವರಗಳೂ ಬದಲಾದ ಮೇಲೂ ರಾಗಧಾಟಿ ಅದೇ ಎಂದು ನಮಗೆ ತಿಳಿಯುವುದಾದರೆ, ಧಾಟಿ ಎಂಬುದು ಸ್ವರಗಳ ಮೊತ್ತವಲ್ಲ, ಅವುಗಳ ನಡುವಿನ ಸಂಬಂಧ. ಸ್ವರದಿಂದ ಸ್ವರಕ್ಕೆ ಎಷ್ಟು ಏರಿದೆವು, ಎಷ್ಟು ಹೊತ್ತು ನಿಂತೆವು, ಇವೇ ಮುಖ್ಯ. ಮನಶ್ಶಾಸ್ತ್ರದ ಒಂದು ಇಡೀ ಶಾಖೆ ಈ ಪ್ರಶ್ನೆಯಿಂದ ಬೆಳೆಯಿತು.

ವಾದ್ಯದ ವಿಷಯಕ್ಕೆ ನಮ್ಮ ಪಕ್ಕದ ಊರಿನ ಉದಾಹರಣೆಗಿಂತ ಒಳ್ಳೆಯದು ಬೇಕಿಲ್ಲ. ಬಂಟ್ವಾಳ ತಾಲೂಕಿನ ಸಜೀಪಮೂಡದವರಾದ ಕದ್ರಿ ಗೋಪಾಲನಾಥರ ತಂದೆ ನಾಗಸ್ವರ ವಿದ್ವಾಂಸರು. ಮಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ, ಪಾಶ್ಚಾತ್ಯ ಬ್ಯಾಂಡಿಗೆಂದು ಹುಟ್ಟಿದ ಆ ಲೋಹದ ವಾದ್ಯದಲ್ಲಿ ಗಮಕ ಹೊರಡಿಸಲು ವರ್ಷಗಟ್ಟಲೆ ಹೆಣಗಿದರು. 2019ರಲ್ಲಿ ತೀರಿಕೊಳ್ಳುವವರೆಗೆ ಅವರು ನುಡಿಸಿದ್ದು ತ್ಯಾಗರಾಜ, ದೀಕ್ಷಿತರ ಕೃತಿಗಳನ್ನೇ. ವಾದ್ಯ ಬೆಲ್ಜಿಯಂನವನು ಮಾಡಿದ್ದು, ಕೃತಿ ತಿರುವಾರೂರಿನದ್ದು, ನುಡಿಸಿದವರು ಸಜೀಪದವರು. ಆ ಕೃತಿ ತಮ್ಮ ರಚನೆ ಎಂದು ಅವರೂ ಹೇಳಲಿಲ್ಲ, ಕೇಳಿದವರೂ ಹೇಳಲಿಲ್ಲ. ಆದರೆ ಆ ನುಡಿಸಾಣಿಕೆ ಅವರದ್ದೇ ಎನ್ನುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ.

'ಕಂಪ್ಯೂಟರ್ ಹಾಡು' ಗಿಟಾರಿಗೆ ಬಂದಾಗ

ಎಲೆಕ್ಟ್ರಾನಿಕ್ ನೃತ್ಯಗೀತೆಯನ್ನು ರಾಕ್ ಮಾಡಿದ್ದಕ್ಕೆ ಬಹಳ ಪ್ರಸಿದ್ಧ ಉದಾಹರಣೆ 'ಬ್ಲೂ ಮಂಡೇ'. ಇಂಗ್ಲೆಂಡಿನ ಮ್ಯಾಂಚೆಸ್ಟರಿನ ನ್ಯೂ ಆರ್ಡರ್ ತಂಡ 1983ರಲ್ಲಿ ಇದನ್ನು ಹೊರತಂದಿತು. ಸುಮಾರು ಏಳೂವರೆ ನಿಮಿಷದ ಹಾಡು, ನಿಮಿಷಕ್ಕೆ ಸುಮಾರು 130 ಬಡಿತ. ಡ್ರಮ್ ಬಾರಿಸಿದ್ದು ಯಂತ್ರ. ಹಿಂದೆ ಕೇಳುವ ವೃಂದಗಾನದಂಥ ಧ್ವನಿ ಜರ್ಮನಿಯ ಕ್ರಾಫ್ಟ್‌ವರ್ಕ್ ತಂಡದ 1975ರ ಮುದ್ರಣವೊಂದರಿಂದ ತೆಗೆದ ತುಣುಕು. ಅದರ ಹೊದಿಕೆ ಎಷ್ಟು ದುಬಾರಿಯಾಗಿತ್ತೆಂದರೆ ಒಂದೊಂದು ಪ್ರತಿ ಮಾರಿದಾಗಲೂ ಕಂಪನಿಗೆ ನಷ್ಟವಾಗುತ್ತಿತ್ತು ಎಂಬ ಕಥೆಯಿದೆ. ಆ ನಷ್ಟದ ಅಂಕಿ ಮಾತ್ರ ಹೇಳುವವರ ಬಾಯಲ್ಲಿ ಒಂದೊಂದು ರೀತಿ. ಆ ಕಾಲದ ಫಾರ್ವರ್ಡ್ ಅದು ಎನ್ನಿ.

1998ರಲ್ಲಿ ಅಮೆರಿಕದ ಆರ್ಜಿ ಎಂಬ ರಾಕ್ ತಂಡ ಇದನ್ನೇ ಸುಮಾರು ನಾಲ್ಕೂವರೆ ನಿಮಿಷಕ್ಕೆ ಇಳಿಸಿ, ಒರಟು ಗಿಟಾರುಗಳೊಂದಿಗೆ ಮುದ್ರಿಸಿತು. ಮೂಲ ಕೇಳಿರದ ಒಂದು ತಲೆಮಾರಿಗೆ ಅದೇ ಮೂಲವಾಯಿತು. ಎರಡನ್ನೂ ಒಂದರ ಹಿಂದೊಂದು ಕೇಳಿದರೆ ಒಂದೇ ಹಾಡು ಎಂದು ತಿಳಿಯಲು ಹತ್ತು ಸೆಕೆಂಡ್ ಸಾಕು.

ಇಂಥ ರಾಕ್ ಆವೃತ್ತಿಗಳ ಕೆಳಗೆ ಒಂದು ಮಾತು ಸದಾ ಇರುತ್ತದೆ: ಇದು ನಿಜವಾದ ಸಂಗೀತ, ಮೂಲವನ್ನು ಕಂಪ್ಯೂಟರ್ ಮಾಡಿದ್ದು. ಇದನ್ನು ನಂಬುವವರು 'ಬ್ಲೂ ಮಂಡೇ' ಹೇಗೆ ಹುಟ್ಟಿತು ಎಂದು ತಿಳಿಯಬೇಕು. ತಂಡದ ಗಿಲಿಯನ್ ಗಿಲ್ಬರ್ಟ್ ಒಂದೊಂದು ಸ್ವರವನ್ನೂ ಕೈಯಿಂದಲೇ ಯಂತ್ರಕ್ಕೆ ತುಂಬಿಸಬೇಕಿತ್ತು. ಕಾಗದದ ಹಾಳೆಗಳನ್ನು ಅಂಟಿಸಿ, ಸ್ಟುಡಿಯೋದ ಉದ್ದಕ್ಕೂ ಹೆಣಿಗೆಯ ನಮೂನೆಯಂತೆ ಬರೆದಿಟ್ಟುಕೊಂಡಿದ್ದರು. ಆದರೂ ಒಂದು ಸ್ವರ ಬಿಟ್ಟುಹೋಯಿತು. ಅದರಿಂದ ಧಾಟಿ ತಾಳಕ್ಕಿಂತ ಸ್ವಲ್ಪ ಸರಿದು ನಿಂತಿತು. ಇಂದಿಗೂ ಆ ಹಾಡಿನ ಸೊಗಸಿನ ಒಂದು ಪಾಲು ಆ ಮನುಷ್ಯಸಹಜ ತಪ್ಪಿನದ್ದು. ನಮ್ಮ ದೇಶದಲ್ಲೇ, ಅದಕ್ಕೂ ಒಂದು ವರ್ಷ ಮೊದಲು, 1982ರಲ್ಲಿ ಮುಂಬೈಯ ಚರಣಜಿತ್ ಸಿಂಗ್ ಹತ್ತು ಹಿಂದೂಸ್ತಾನಿ ರಾಗಗಳನ್ನು ಸಿಂಥಸೈಸರ್ ಮತ್ತು ಡ್ರಮ್ ಯಂತ್ರದಲ್ಲಿ ಡಿಸ್ಕೋ ತಾಳಕ್ಕೆ ಕೂರಿಸಿ ಒಂದು ರೆಕಾರ್ಡ್ ಮಾಡಿದರು. ಆಗ ಯಾರೂ ಕಿವಿಗೊಡಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ವಿದೇಶದ ಡಿಜೆಗಳು ಬೆರಗಾದರು. ಯಂತ್ರ ಅದೇ ಆಗಿತ್ತು, ಯೋಚನೆ ಅವರದ್ದು.

ಇನ್ನು, ಡಿಜೆ ಹಾಡು ಗಿಟಾರಿಗೆ ಇಷ್ಟು ಸುಲಭವಾಗಿ ಹೊಂದುವುದು ಯಾಕೆ? ಇದರ ಹಿಂದೆ ಸರಳ ಭೌತಶಾಸ್ತ್ರವಿದೆ.

ನಿಮ್ಮ ಫೋನಿನ ಧ್ವನಿಯನ್ನು ಪೂರ್ತಿ ಏರಿಸಿದಾಗ ಸ್ಪೀಕರ್ ಒಡೆದಂತೆ ಕೇಳುತ್ತದಲ್ಲ? ಧ್ವನಿಯ ಅಲೆಯ ತಲೆ, ಬುಡ ಕತ್ತರಿಸಿಹೋದಾಗ ಹೀಗಾಗುತ್ತದೆ. ಕತ್ತರಿಸಿದ ಅಲೆಯಲ್ಲಿ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು, ಐದು ಪಟ್ಟು ಆವರ್ತನದ ಹೊಸ ಧ್ವನಿಗಳು ಹುಟ್ಟಿಕೊಳ್ಳುತ್ತವೆ. ರಾಕ್ ಗಿಟಾರಿನವರು ಇದನ್ನೇ ಬೇಕೆಂದು ಮಾಡುತ್ತಾರೆ. ಅದರ ಹೆಸರು ಡಿಸ್ಟಾರ್ಷನ್. ಅತ್ತ ಡಿಜೆ ಹಾಡುಗಳ ಸಿಂಥಸೈಸರ್ ಬಹಳ ಬಳಸುವುದು ಗರಗಸದ ಹಲ್ಲಿನಾಕಾರದ ಅಲೆಯನ್ನು. ಅದರಲ್ಲಿ ಎರಡು, ಮೂರು, ನಾಲ್ಕು, ಐದು ಹೀಗೆ ಎಲ್ಲ ಪಟ್ಟುಗಳ ಧ್ವನಿಗಳೂ ತುಂಬಿರುತ್ತವೆ. ಕೊಳಲಿನಲ್ಲಿ ಇಂಥ ಉಪಸ್ವರಗಳು ಕಡಿಮೆ, ಹಾಗಾಗಿ ಅದು ತೆಳು. ಒಡೆದ ಗಿಟಾರ್ ಮತ್ತು ಗರಗಸದ ಅಲೆ ಎರಡೂ ದಪ್ಪ, ಎರಡೂ ಉಪಸ್ವರಗಳಿಂದ ಗಿಜಿಗುಟ್ಟುವಂಥವು. ನೋಡಲು ಬೇರೆ ಕುಲದಂತಿದ್ದರೂ ಧ್ವನಿಯಲ್ಲಿ ಅವು ದಾಯಾದಿಗಳು.

ತಾಳದಲ್ಲಿ ಮಾತ್ರ ಬದಲಾವಣೆ ದೊಡ್ಡದು. ನೃತ್ಯಗೀತೆಗಳಲ್ಲಿ ಹೆಚ್ಚಾಗಿ ಒಂದು, ಎರಡು, ಮೂರು, ನಾಲ್ಕು, ಪ್ರತಿಯೊಂದಕ್ಕೂ ದೊಡ್ಡ ಡ್ರಮ್ಮಿನ ಪೆಟ್ಟು ಬೀಳುತ್ತದೆ. ಕಾಲು ಎಲ್ಲಿ ಊರಬೇಕು ಎಂದು ಯೋಚಿಸುವ ಕೆಲಸವೇ ಇಲ್ಲ. ರಾಕ್‌ನಲ್ಲಿ ದೊಡ್ಡ ಡ್ರಮ್ ಸಾಮಾನ್ಯವಾಗಿ ಒಂದು ಮತ್ತು ಮೂರಕ್ಕೆ, ಚಟೀರ್ ಎನ್ನುವ ಸ್ನೇರ್ ಡ್ರಮ್ ಎರಡು ಮತ್ತು ನಾಲ್ಕಕ್ಕೆ. ಇದರಿಂದ ಕಾಲಿನ ಬದಲು ತಲೆ ಅಲ್ಲಾಡುತ್ತದೆ.

ರಾಕ್ ಆವೃತ್ತಿಯೇ ಮೂಲಕ್ಕಿಂತ ಚೆನ್ನಾಗಿದೆ ಎನ್ನುವವರ ತೀರ್ಪಿನಲ್ಲಿ ಫೋನಿನ ಕೈವಾಡವೂ ಇದೆ ಎಂದು ನನ್ನ ಗುಮಾನಿ. ಡಿಜೆ ಹಾಡಿನ ಜೀವ ಇರುವುದು 40ರಿಂದ 100 ಹರ್ಟ್ಸ್‌ನ ಆಳದ ಬೇಸ್‌ನಲ್ಲಿ. ಅಂಗಳದಲ್ಲಿ ಅದು ಎದೆಗೆ ಬಡಿಯುತ್ತದೆ. ಹೆಬ್ಬೆರಳ ಉಗುರಿನಷ್ಟಿರುವ ಫೋನ್ ಸ್ಪೀಕರಿಗೆ ಅದನ್ನು ಹೊರಡಿಸುವ ತಾಕತ್ತಿಲ್ಲ. ಗಿಟಾರಿನ ಧ್ವನಿಯ ಬಹುಪಾಲು ಅದಕ್ಕಿಂತ ಮೇಲಿರುವುದರಿಂದ ಫೋನಿನಲ್ಲೂ ಸರಿಯಾಗಿ ಕೇಳುತ್ತದೆ. ಒಂದನ್ನು ಅರ್ಧ ಕತ್ತರಿಸಿ, ಇನ್ನೊಂದನ್ನು ಪೂರ್ತಿಯಾಗಿ ಕೇಳಿ ಹೋಲಿಸುವುದು ನ್ಯಾಯವಲ್ಲ. ಒಳ್ಳೆಯ ಹೆಡ್‌ಫೋನ್ ಹಾಕಿ ಕೇಳಿ, ಆಮೇಲೆ ತೀರ್ಪು ಕೊಡಿ.

ಮಾತು ಅದೇ, ಹಾಡು ಬೇರೆ

ವಾದ್ಯ ಬದಲಾದರೂ ಹಾಡು ಉಳಿಯುವುದನ್ನು ನೋಡಿದೆವು. ಇದರ ತಿರುವುಮುರುವು ನಮ್ಮ ಕರಾವಳಿಯ ಚಿತ್ರದಲ್ಲೇ ನಡೆದುಹೋಗಿದೆ.

2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ 'ಕಾಂತಾರ'ದ 'ವರಾಹ ರೂಪಂ' ಎಲ್ಲರಿಗೂ ಗೊತ್ತು. ಅಜನೀಶ್ ಲೋಕನಾಥ್ ಸಂಗೀತ, ಶಶಿರಾಜ್ ಕಾವೂರು ಸಾಹಿತ್ಯ, ಸಾಯಿ ವಿಘ್ನೇಶ್ ದನಿ. ಕೇರಳದ ತೈಕ್ಕುಡಂ ಬ್ರಿಜ್ ಎಂಬ ರಾಕ್ ತಂಡ, ಇದು ತಮ್ಮ 'ನವರಸಂ' ಹಾಡಿನ ನಕಲು ಎಂದು ಕೋರ್ಟಿಗೆ ಹೋಯಿತು. ರಾಗಗಳು ಒಂದೇ ಆದ್ದರಿಂದ ಹಾಗೆ ಅನಿಸುತ್ತದೆ ಎಂಬುದು ಚಿತ್ರದವರ ವಾದ. ಅಕ್ಟೋಬರ್ 28ರಂದು ಕೋಯಿಕ್ಕೋಡಿನ ಜಿಲ್ಲಾ ನ್ಯಾಯಾಲಯ ಹಾಡಿನ ಬಳಕೆಗೆ ಮಧ್ಯಂತರ ತಡೆ ಕೊಟ್ಟಿತು. ಮಧ್ಯಂತರ ತಡೆ ಎಂದರೆ ಕಳವು ಸಾಬೀತಾಯಿತು ಎಂದಲ್ಲ, ವಿಚಾರಣೆ ನಡೆಯುವವರೆಗೆ ನಿಲ್ಲಿಸಿ ಎಂದಷ್ಟೇ. ಆಗ ಎರಡೂ ಕಡೆಯವರು ಹಂಚಿದ ಮೆಸೇಜುಗಳಲ್ಲಿ ಈ ವ್ಯತ್ಯಾಸ ಎಲ್ಲೂ ಇರಲಿಲ್ಲ.

ನವೆಂಬರ್ 24ರಂದು ಚಿತ್ರ ಒಟಿಟಿಗೆ ಬಂದಾಗ ಹಾಡು ಇತ್ತು, ಸಾಹಿತ್ಯ ಅಕ್ಷರಕ್ಷರ ಅದೇ, ಸಂಗೀತ ಮಾತ್ರ ಹೊಸದು. ಆ ರಾತ್ರಿಯೇ ದೂರುಗಳು ಶುರುವಾದವು. ನಮ್ಮ ಗ್ರೂಪಿನಲ್ಲಿ ಒಬ್ಬರು ನನ್ನ ಟಿವಿ ಹಾಳಾಗಿದೆಯೋ ಎಂದು ಕೇಳಿದ್ದರು. ಥಿಯೇಟರಿನಲ್ಲಿ ಮೈ ಜುಮ್ಮೆಂದ ಜಾಗದಲ್ಲಿ ಏನೂ ಆಗಲಿಲ್ಲ. ಮಾತು ಇದ್ದೂ ಧಾಟಿ ಹೋದಾಗ ಪ್ರೇಕ್ಷಕರು ಒಂದೇ ಮಾತಿನಲ್ಲಿ ಹೇಳಿದ್ದು, ಇದು ಆ ಹಾಡಲ್ಲ. ಎಹ್ರೆನ್‌ಫೆಲ್ಸ್‌ನನ್ನು ಓದದೆಯೇ ಕರ್ನಾಟಕದ ಜನ ಅವನ ಪಕ್ಷ ವಹಿಸಿದರು.

ಒಂದು ಹಾಡಿಗೆ ಮೂವರು ಯಜಮಾನರು

1957ರ ನಮ್ಮ ಕಾಪಿರೈಟ್ ಕಾಯ್ದೆ ಒಂದು ಹಾಡನ್ನು ಮೂರಾಗಿ ಒಡೆದು ನೋಡುತ್ತದೆ. ಸಾಹಿತ್ಯ ಒಂದು, ಸಂಗೀತ ಇನ್ನೊಂದು, ಅವೆರಡನ್ನೂ ಸೇರಿಸಿ ಮಾಡಿದ ಧ್ವನಿಮುದ್ರಣ ಮೂರನೆಯದು. ಮೂರರ ಹಕ್ಕೂ ಬೇರೆ ಬೇರೆಯವರ ಕೈಯಲ್ಲಿರಬಹುದು. ಸಾಹಿತ್ಯ, ಸಂಗೀತದ ಹಕ್ಕು ಬರೆದವರ ಆಯುಷ್ಯ ಮುಗಿದು 60 ವರ್ಷದವರೆಗೆ, ಮುದ್ರಣದ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷದವರೆಗೆ.

ನೀವೇ ಗಿಟಾರ್ ಹಿಡಿದು ನುಡಿಸಿದರೆ ಮೂರನೆಯದನ್ನು ಮುಟ್ಟುವುದಿಲ್ಲ. ಮೊದಲ ಎರಡು ಹಾಗೇ ಉಳಿಯುತ್ತವೆ. ಆದ್ದರಿಂದ 'ವಾದ್ಯ ಬದಲಾಯಿಸಿದರೆ ಹಾಡು ನಿಮ್ಮದು' ಎನ್ನುವುದು ಮೂರರಲ್ಲಿ ಒಂದಂಶ ನಿಜ. ನಿಮ್ಮ ನುಡಿಸಾಣಿಕೆ ನಿಮ್ಮದು, ಧಾಟಿ ಅಲ್ಲ.

ಏಳು ಸೆಕೆಂಡಿನ ಮಾತು ಪೂರ್ತಿ ಸುಳ್ಳು. ಕಾಯ್ದೆಯಲ್ಲಿ ಏಳೂ ಇಲ್ಲ, ಮೂವತ್ತೂ ಇಲ್ಲ. ಯಾವ ಸೆಕೆಂಡಿನ ಲೆಕ್ಕವೂ ಇಲ್ಲ. ಖಾಸಗಿ ಬಳಕೆ, ಅಧ್ಯಯನ, ವಿಮರ್ಶೆ, ಸುದ್ದಿ ಇಂಥ ಉದ್ದೇಶಗಳಿಗೆ ನ್ಯಾಯಯುತ ಬಳಕೆಗೆ ಅವಕಾಶವಿದೆ. ಅಲ್ಲಿ ನೋಡುವುದು ಯಾಕೆ ಬಳಸಿದಿರಿ, ಎಷ್ಟು ಮುಖ್ಯ ಭಾಗ ತೆಗೆದಿರಿ ಎಂಬುದನ್ನು. ಹೆಸರು ಹಾಕುವುದು ಸೌಜನ್ಯ, ಅನುಮತಿಯಲ್ಲ. ನೆರೆಮನೆಯವರ ಬೈಕ್ ತೆಗೆದುಕೊಂಡು ಹೋಗಿ ಅದರ ಮೇಲೆ ಅವರ ಹೆಸರು ಬರೆದಂತೆ.

ಇಲ್ಲೇ 'ನೋಕಾಪಿರೈಟ್‌ಸೌಂಡ್ಸ್' ಬಗ್ಗೆಯೂ ಒಂದು ಮಾತು. ಅಲನ್ ವಾಕರ್‌ನ 'ಫೇಡೆಡ್' 2015ರ ಡಿಸೆಂಬರಿನಲ್ಲಿ ಬಂದದ್ದು. ಅದರ ಮೊದಲ ರೂಪ, ಹಾಡಿಲ್ಲದ 'ಫೇಡ್', 2014ರಲ್ಲಿ ಬಂದದ್ದು ಈ ಸಂಸ್ಥೆಯ ಮೂಲಕ. ಹೆಸರು ನೋಡಿ ಅಲ್ಲಿಯ ಹಾಡುಗಳಿಗೆ ಕಾಪಿರೈಟ್ ಇಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಕ್ಕು ಇದೆ, ಷರತ್ತಿನ ಮೇಲೆ ಬಳಸಲು ಬಿಟ್ಟಿದ್ದಾರೆ ಅಷ್ಟೇ.

ಕವರ್ ಹಾಡಿಗೆಂದೇ ನಮ್ಮಲ್ಲಿ ಒಂದು ಕಲಮಿದೆ. 1980ರ ದಶಕದಲ್ಲಿ ಟಿ-ಸೀರೀಸ್ ಹಳೆಯ ಚಿತ್ರಗೀತೆಗಳನ್ನು ಹೊಸ ದನಿಗಳಲ್ಲಿ ಹಾಡಿಸಿ ಅಗ್ಗದ ಕ್ಯಾಸೆಟ್ ಮಾರಿದ್ದು ನಿಮ್ಮ ಮನೆಯ ಹಿರಿಯರಿಗೆ ನೆನಪಿರಬಹುದು. ಅಂಥ ಮರುಮುದ್ರಣಗಳಿಗೆ 2012ರ ತಿದ್ದುಪಡಿ ಬಿಗಿಯಾದ ನಿಯಮ ತಂದಿತು. 31ಸಿ ಕಲಮಿನ ಪ್ರಕಾರ ಮೂಲ ಮುದ್ರಣವಾದ ವರ್ಷ ಮುಗಿದ ಮೇಲೆ ಪೂರ್ತಿ ಐದು ವರ್ಷ ಕಾಯಬೇಕು. ಮೊದಲೇ ತಿಳಿಸಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಮುಂಗಡ ಕಟ್ಟಬೇಕು, ಇದು ಕವರ್ ಎಂದು ಸ್ಪಷ್ಟವಾಗಿ ಬರೆಯಬೇಕು. ಇಷ್ಟು ಮಾಡಿದರೆ ಮಾಲೀಕರನ್ನು ಬೇಡುವ ಅಗತ್ಯವಿಲ್ಲ. 'ಫೇಡೆಡ್'ನಂತೆ 2015ರ ಹಾಡಾದರೆ ಐದು ವರ್ಷ 2020ರ ಕೊನೆಗೆ ಮುಗಿಯುತ್ತದೆ.

ಆದರೆ ಅದೇ ಕಲಮಿನಲ್ಲಿ ಇನ್ನೊಂದು ಷರತ್ತಿದೆ, ನನಗೆ ಬಹಳ ವಿಚಿತ್ರ ಎನಿಸುವುದು ಅದೇ. ಮುದ್ರಣಕ್ಕೆ ತಾಂತ್ರಿಕವಾಗಿ ಬೇಕೇಬೇಕು ಎನ್ನುವುದನ್ನು ಬಿಟ್ಟು, ಮಾಲೀಕರು ಮೊದಲು ಮಾಡದ ಅಥವಾ ಒಪ್ಪದ ಬದಲಾವಣೆ ಮಾಡುವಂತಿಲ್ಲ. ಅಂದರೆ ಈ ದಾರಿ ಇರುವುದು ಮೂಲದಂತೆಯೇ ನುಡಿಸುವವರಿಗೆ. ನೃತ್ಯಗೀತೆಯನ್ನು ರಾಕ್ ಮಾಡುವವರು ನೇರವಾಗಿ ಹಕ್ಕುದಾರರ ಒಪ್ಪಿಗೆ ಪಡೆಯುವುದೇ ಕ್ಷೇಮ. ಅಮೆರಿಕದ ಕಾನೂನು ಇಲ್ಲಿ ಸ್ವಲ್ಪ ಉದಾರಿ. ಮೂಲ ಧಾಟಿ, ಮೂಲ ಸ್ವಭಾವ ಕೆಡಿಸದೆ ನಿಮ್ಮ ಶೈಲಿಗೆ ಹೊಂದಿಸಿಕೊಳ್ಳಬಹುದು ಎನ್ನುತ್ತದೆ. ಕವರ್ ಹಾಡನ್ನು ಜನ ಇಷ್ಟಪಡುವುದೇ ಅದು ಹೊಸತಾಗಿ ಕೇಳುತ್ತದೆ ಎಂಬ ಕಾರಣಕ್ಕೆ. ನಮ್ಮ ಕಲಮು ಬಿಡದೇ ಇರುವುದೂ ಅದನ್ನೇ. ಅಲ್ಲದೆ ಈ ಕಲಮು ಧ್ವನಿಮುದ್ರಣದ ಬಗ್ಗೆ ಮಾತ್ರ. ವಿಡಿಯೋ ಕಾಯ್ದೆಯಲ್ಲಿ ಬೇರೆಯೇ ವರ್ಗ.

ಹಾಗಾದರೆ ಮದರಂಗಿಯಲ್ಲಿ ಡಿಜೆ ಹಾಕುವುದೂ ತಪ್ಪೇ? ಇಲ್ಲ. ಧಾರ್ಮಿಕ ಸಮಾರಂಭಗಳಲ್ಲಿ ಹಾಡು ನುಡಿಸುವುದು, ಮುದ್ರಣ ಕೇಳಿಸುವುದು ಉಲ್ಲಂಘನೆಯಲ್ಲ ಎಂದು 52ನೇ ಕಲಮು ಹೇಳುತ್ತದೆ. ಮದುವೆಯ ಮೆರವಣಿಗೆ ಮತ್ತು ಮದುವೆಗೆ ಸಂಬಂಧಿಸಿದ ಇತರ ಸಂಭ್ರಮಗಳೂ ಅದರಲ್ಲಿ ಸೇರುತ್ತವೆ ಎಂದು ಅಲ್ಲೇ ವಿವರಣೆಯಿದೆ. ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಇದನ್ನು ಮತ್ತೊಮ್ಮೆ ಸಾರ್ವಜನಿಕ ಪ್ರಕಟಣೆಯಲ್ಲಿ ಹೇಳಿತು. ಅಂಗಳದಲ್ಲಿ ನುಡಿಸಿದ್ದಕ್ಕೆ ರಕ್ಷಣೆ ಇದೆ. ಅದನ್ನು ಚಿತ್ರೀಕರಿಸಿ ಜಗತ್ತಿಗೆ ಹಾಕುವುದು ಬೇರೆ ವಿಷಯ.

ಎಲ್ಲರೂ ಹಿನ್ನೆಲೆಗೆ ಹಾಕುತ್ತಾರಲ್ಲ ಎನ್ನುವವರು 2022ರ ನವೆಂಬರನ್ನು ನೆನಪಿಸಿಕೊಳ್ಳಿ. ಭಾರತ್ ಜೋಡೋ ಯಾತ್ರೆಯ ವಿಡಿಯೋಗೆ 'ಕೆಜಿಎಫ್ 2'ರ ಸಂಗೀತ ಬಳಸಿದರೆಂದು ಬೆಂಗಳೂರಿನ ಎಂಆರ್‌ಟಿ ಮ್ಯೂಸಿಕ್ ದೂರು ಕೊಟ್ಟಾಗ, ಕಾಂಗ್ರೆಸ್‌ನ ಟ್ವಿಟರ್ ಖಾತೆಯನ್ನೇ ತಾತ್ಕಾಲಿಕವಾಗಿ ತಡೆಯಲು ಬೆಂಗಳೂರಿನ ನ್ಯಾಯಾಲಯ ಆದೇಶಿಸಿತು. ಆ ವಿಡಿಯೋಗಳನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟ್ ಮರುದಿನ ಅದನ್ನು ರದ್ದುಮಾಡಿತು.

ಸೂಚನೆ ಬಂದಾಕ್ಷಣ ಅಳಿಸಬೇಡಿ

ಈಗ ಜೈಲಿನ ಮಾತು. ತಿಳಿದೂ ತಿಳಿದು ಹಕ್ಕು ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ ಎಂದು ಕಾಯ್ದೆಯಲ್ಲಿದೆ. ಅದು ಸುಳ್ಳಲ್ಲ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕಾರಣ ದಾಖಲಿಸಿ ಶಿಕ್ಷೆ ಇಳಿಸಲು ನ್ಯಾಯಾಲಯಕ್ಕೆ ಅವಕಾಶವಿದೆ ಎಂಬುದೂ ಅದೇ ಕಲಮಿನಲ್ಲಿದೆ. ಫಾರ್ವರ್ಡಿನಲ್ಲಿ ಮೊದಲರ್ಧ ಮಾತ್ರ ಬರುತ್ತದೆ.

ಜಾಲತಾಣದ ಸೂಚನೆ ಎಂದರೆ ಕೇಸ್ ಅಲ್ಲ. ಯೂಟ್ಯೂಬ್ ಉದಾಹರಣೆ ತೆಗೆದುಕೊಳ್ಳೋಣ. ಅಲ್ಲಿ ಹಕ್ಕುದಾರರು ತಮ್ಮ ಮುದ್ರಣಗಳನ್ನು ಮೊದಲೇ ಕೊಟ್ಟಿಟ್ಟಿರುತ್ತಾರೆ. ನೀವು ಹಾಕಿದ ವಿಡಿಯೋವನ್ನು ಯಂತ್ರ ಅವುಗಳೊಂದಿಗೆ ಹೋಲಿಸುತ್ತದೆ. ಮುದ್ರಣದ ಬೆರಳಚ್ಚಿನ ಜೊತೆಗೆ ಧಾಟಿಯನ್ನೂ ಹೋಲಿಸಬಲ್ಲದು. ಕೂಡಿಬಂದರೆ ಅದು 'ಕ್ಲೈಮ್'. ಜಾಹೀರಾತಿನ ಹಣ ಹಕ್ಕುದಾರರಿಗೆ ಹೋಗಬಹುದು, ಇಲ್ಲವೇ ವಿಡಿಯೋ ತಡೆಯಲ್ಪಡಬಹುದು. ಖಾತೆಗೆ ಸಾಮಾನ್ಯವಾಗಿ ಕಪ್ಪುಚುಕ್ಕೆ ಇಲ್ಲ. ಹಕ್ಕುದಾರರು ತೆಗೆದುಹಾಕಿ ಎಂದು ವಿಧಿವತ್ತಾಗಿ ಕೇಳಿದಾಗ ಬರುವುದು 'ಸ್ಟ್ರೈಕ್'. 90 ದಿನಗಳಲ್ಲಿ ಮೂರು ಸ್ಟ್ರೈಕ್ ಬಂದರೆ ಖಾತೆಯೇ ಹೋಗಬಹುದು. ಕ್ಲೈಮ್ ಬಂದಾಗ ಎಷ್ಟನೇ ನಿಮಿಷದಿಂದ ಎಷ್ಟರವರೆಗೆ ಎಂದು ಸಾಮಾನ್ಯವಾಗಿ ಅಲ್ಲೇ ಬರೆದಿರುತ್ತದೆ. ಆ ತುಂಡನ್ನು ಕತ್ತರಿಸಬಹುದು ಅಥವಾ ಅಷ್ಟಕ್ಕೇ ಮೌನ ಹಾಕಬಹುದು.

ನಮ್ಮ ಹುಡುಗನಿಗೆ ಬಂದ ಸೂಚನೆಯ ಸ್ಕ್ರೀನ್‌ಶಾಟ್ ಅವನ ಗೆಳೆಯನ ಬಳಿ ಉಳಿದಿತ್ತು. ತಿಂಗಳುಗಳ ಮೇಲೆ ಅದನ್ನು ಓದಿದೆ. ಅದರಲ್ಲಿ ತೋರಿಸಿದ್ದು ಮೊದಲ ಅರ್ಧ ನಿಮಿಷವನ್ನು, ಅಂದರೆ ಡಿಜೆ ಹಾಕಿದ ಮೂಲ ಮುದ್ರಣವನ್ನು. ಹುಡುಗರು ಗಿಟಾರ್ ಹಿಡಿದ ಭಾಗದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಅಜ್ಜ ಇದ್ದದ್ದು ಆ ಭಾಗದಲ್ಲಿ. ಇನ್ನು ಫೋನಿನಲ್ಲಿದ್ದ ಪ್ರತಿಯನ್ನಂತೂ ಅಳಿಸು ಎಂದು ಯಾರೂ ಕೇಳಿರಲೇ ಇಲ್ಲ.

ಪುಣ್ಯಕ್ಕೆ ನಮ್ಮ ದೊಡ್ಡಮ್ಮನ ಹಳೆಯ ಫೋನಿನಲ್ಲಿ, ಸ್ಟೇಟಸ್‌ಗೆ ಹಾಕಿದ ಮೂವತ್ತು ಸೆಕೆಂಡಿನ ಒಂದು ತುಣುಕು ಸಿಕ್ಕಿತು. ಚಿತ್ರ ಮಸುಕು, ಧ್ವನಿ ಒಡೆದಿದೆ. ಮೊಮ್ಮಗ ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಬಾರಿಸುತ್ತಿದ್ದಾನೆ. ಅಜ್ಜನಿಗೆ ಅದರ ಪರಿವೆಯಿಲ್ಲ. ಭಜನೆಯಲ್ಲಿ ತಾಳ ಹಾಕಿದ ಹಾಗೆ ಒಂದು, ಎರಡು, ಮೂರು, ನಾಲ್ಕು, ಪ್ರತಿ ಪೆಟ್ಟಿಗೂ ಚಪ್ಪಾಳೆ ಹಾಕುತ್ತಿದ್ದಾರೆ, ಡಿಜೆಯ ಡ್ರಮ್ ಯಂತ್ರದಷ್ಟೇ ಗಟ್ಟಿಯಾಗಿ.